ಮಾಡಿನ ನೀರು ಬೀಳುವಲ್ಲಿಯವರೆಗೆ

ನಮ್ಮ ಪಂಚಾಯತಿನ ಹಳೆಯ ಮನೆ ತೆರಿಗೆ ಪಟ್ಟಿಯನ್ನು ಮೊದಲ ಸಲ ಓದಿದಾಗ ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಊರಿನ ಕಟ್ಟಡಗಳನ್ನೆಲ್ಲ ಅದರಲ್ಲಿ ಮೂರೇ ಬಗೆ ಮಾಡಿದ್ದರು: ಹಂಚು, ತಾರಸಿ, ಇತರೆ. ಮುಖ್ಯರಸ್ತೆಯ ಬದಿಯಲ್ಲಿ ಕೆಳಗೆ ಐದು ಅಂಗಡಿ, ಮೇಲೆ ಬಾಡಿಗೆ ಕೋಣೆಗಳಿರುವ ದೊಡ್ಡ ಕಟ್ಟಡ ಒಂದು ‘ತಾರಸಿ’. ಗುಡ್ಡದ ಮೇಲೆ ಒಂದು ಕೋಣೆ, ಒಂದು ಅಡುಗೆಮನೆ ಇರುವುದೂ ‘ತಾರಸಿ’. ಎರಡಕ್ಕೂ ಹೆಚ್ಚುಕಡಿಮೆ ಒಂದೇ ತೆರಿಗೆ. ವರ್ಷ ವರ್ಷ ಇದನ್ನೇ ನಕಲು ಮಾಡಿಕೊಂಡು ಬಂದಿದ್ದರು, ಯಾರೂ ಕೇಳಿರಲಿಲ್ಲ.

ನಾನು ಅಲ್ಲಿ ಪಿಡಿಒ, ಅಂದರೆ ಪಂಚಾಯತಿನ ಅಭಿವೃದ್ಧಿ ಅಧಿಕಾರಿ. ಕಡಬ ತಾಲೂಕಿನ ಒಂದು ಪಂಚಾಯತು, ಹೆಸರು ಬೇಡ. ಕಟ್ಟಡದ ಚದರಡಿ ಮತ್ತು ಬಳಕೆ ನೋಡಿ ತೆರಿಗೆ ಹಾಕಬೇಕೆಂಬ ಹೊಸ ಆದೇಶ ಬಂದಾಗ ಉಳಿದ ಪಿಡಿಒಗಳು ತಲೆ ಮೇಲೆ ಕೈ ಹೊತ್ತರು. ನನಗೆ ಮಾತ್ರ ಹಬ್ಬ. ಇಡೀ ಊರನ್ನು ಟೇಪು ಹಿಡಿದು ಅಳೆಸುತ್ತೇನೆ, ದೊಡ್ಡವರದ್ದು ದೊಡ್ಡದಾಗಲಿ, ಸಣ್ಣವರದ್ದು ಸಣ್ಣದಾಗಲಿ ಎಂದು ಹೊರಟೆ. ನನ್ನ ಬಾಯಿ ಸ್ವಲ್ಪ ಜೋರು. ಆ ಹುಮ್ಮಸ್ಸಿನಲ್ಲಿ ಅದು ಇನ್ನೂ ಜೋರಾಗಿತ್ತು.

ಅಳೆಯಲು ಇಂಜಿನಿಯರು ಸಿಗುವುದಿಲ್ಲ. ಸ್ವಸಹಾಯ ಸಂಘದ ನಾಲ್ಕು ಹೆಂಗಸರನ್ನು ಆರಿಸಿದೆ. ಸಭಾಭವನದಲ್ಲಿ ಒಂದು ಬೆಳಿಗ್ಗೆ ಪೂರ್ತಿ ತರಬೇತಿ. ನೂರಡಿ ಟೇಪನ್ನು ಜೋಲದಂತೆ ಹಿಡಿಯುವುದು ಹೇಗೆ, ಮೂಲೆ ಮುರಿದ ಮನೆಯನ್ನು ಎರಡು ಚೌಕ ಮಾಡಿ ಬರೆಯುವುದು ಹೇಗೆ, ಚೌಕುಳಿ ಕಾಗದದ ಮೇಲೆ ನಕ್ಷೆ, ಮೊಬೈಲಿನಲ್ಲಿ ಎದುರಿನ ಫೋಟೊ, ಮನೆಯವರ ಸಹಿ. ನಾಲ್ವರಲ್ಲಿ ಒಬ್ಬಳು ಬಹಳ ಚುರುಕು. ಬ್ಯಾರಿ ಮುಸ್ಲಿಮರ ಮನೆಯವಳು, ಗಂಡ ರಿಕ್ಷಾ ಓಡಿಸುತ್ತಾನೆ, ಒಂಬತ್ತನೆಯವರೆಗೆ ಓದಿದ್ದಳು. ನಾನು ಕಾಗದದಲ್ಲಿ ಗುಣಾಕಾರ ಮಾಡಿ ಮುಗಿಸುವ ಮೊದಲೇ ಅವಳು ಬಾಯಲ್ಲಿ ಉತ್ತರ ಹೇಳುತ್ತಿದ್ದಳು. ಅವಳನ್ನೇ ತಂಡದ ಮುಂದಾಳು ಮಾಡಿದೆ. ಅಳತೆಯವಳು ಎಂದೇ ಊರಲ್ಲಿ ಹೆಸರಾಯಿತು.

ಬೇಸಿಗೆಯ ಎರಡು ತಿಂಗಳು ಅವರು ಗುಡ್ಡ ಹತ್ತಿ ಇಳಿದು ಅಳೆದರು. ಹತ್ತು ಮನೆಗೆ ಒಂದನ್ನು ನಾನೇ ಮತ್ತೆ ಅಳೆದು ನೋಡಬೇಕೆಂದು ನಿಯಮ ಮಾಡಿದ್ದೆ, ನೋಡಿಯೂ ನೋಡಿದೆ. ಆದರೆ ನಿಜ ಹೇಳಬೇಕಲ್ಲ, ನನ್ನ ಸ್ಕೂಟರ್ ಹೋಗುವಲ್ಲಿ ಮಾತ್ರ ನೋಡಿದೆ. ರಸ್ತೆ ಬದಿಯ ತಾರಸಿ ಕಟ್ಟಡಗಳು. ಎಲ್ಲವೂ ಇಂಚಿಗೆ ಇಂಚು ತಾಳೆಯಾಯಿತು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಕರಡು ಪಟ್ಟಿ ನೋಟಿಸು ಬೋರ್ಡಿಗೆ ಹೋಯಿತು, ಮನೆಮನೆಗೆ ತಿಳುವಳಿಕೆ ಪತ್ರ ಹೋಯಿತು. ತಕರಾರು ಹೇಳಲು ಮೂವತ್ತು ದಿನ, ಆಮೇಲೆ ವಿಶೇಷ ಗ್ರಾಮಸಭೆ.

ಮೂರನೆಯ ದಿನ ಬೆಳಿಗ್ಗೆ ಕಚೇರಿ ಬಾಗಿಲಲ್ಲಿ ಜನ. ಮೊದಲು ಒಳಗೆ ಬಂದವಳು ಬೀಡಿ ಕಟ್ಟುವ ಒಬ್ಬ ಹೆಂಗಸು. ಪತ್ರವನ್ನು ನನ್ನ ಮೇಜಿನ ಮೇಲಿಟ್ಟು ತಣ್ಣಗೆ ಹೇಳಿದಳು, “ನನ್ನ ಮನೆ ಇಷ್ಟು ದೊಡ್ಡದು ಅಂತ ನನಗೇ ಗೊತ್ತಿರ್ಲಿಲ್ಲ ಮೇಡಂ. ಉಳಿದ ರೂಮು ಎಲ್ಲಿ ಉಂಟು ಅಂತ ನೀವೇ ಬಂದು ತೋರಿಸಿ.”

ಸಾವಿರದ ಇಪ್ಪತ್ತು ಚದರಡಿ ಎಂದಿತ್ತು. ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು, ಎಲ್ಲರದ್ದೂ ಅದೇ ಕಥೆ. ಅವರೆಲ್ಲರ ಹಿಂದೆ ಬಿಳಿ ಅಂಗಿಯ ಒಬ್ಬ ಪಂಚಾಯತು ಸದಸ್ಯರು. ಮುಖ್ಯರಸ್ತೆಯ ಆ ಐದು ಅಂಗಡಿಯ ಕಟ್ಟಡ ಅವರದ್ದೇ. ಹೊಸ ಪಟ್ಟಿಯಲ್ಲಿ ಅವರ ತೆರಿಗೆ ಹತ್ತು ಪಟ್ಟು ಏರಿತ್ತು.

“ಎಂತ ಮೇಡಂ ಇದು? ಪಾಪದವರ ಹೊಟ್ಟೆಗೆ ಹೊಡಿಲಿಕ್ಕೆ ಹೊರಟದ್ದಾ?” ಎಂದರು. ಆಮೇಲೆ ಎಲ್ಲರಿಗೂ ಕೇಳುವಂತೆ, “ಆ ಅಳತೆಯವಳು ಆಗದವರಿಗೆ ಜಾಸ್ತಿ ಬರೆದಿದ್ದಾಳೆ, ಅವರ ಪೈಕಿಯವರಿಗೆ ಕಡಿಮೆ. ಇದು ಯಾರಿಗೆ ಗೊತ್ತಾಗುದಿಲ್ಲ ಮಾರಾಯ್ರೆ?”

ಅವರ ಪೈಕಿ ಎಂದರೆ ಯಾರು ಎಂದು ಯಾರೂ ಕೇಳಲಿಲ್ಲ, ಕೇಳುವ ಅಗತ್ಯ ಇರಲಿಲ್ಲ. ನಮ್ಮ ಕಡೆ ಇಂಥ ಮಾತು ಒಮ್ಮೆ ಬಾಯಿಂದ ಹೊರಗೆ ಬಿದ್ದರೆ ಅದನ್ನು ಹಿಡಿಯುವುದು ಕಷ್ಟ. ಆಗಲೇ ನಾನು ಅವರನ್ನು ತಡೆಯಬೇಕಿತ್ತು. ತಡೆಯಲಿಲ್ಲ. ಅಳತೆಯವಳಿಗೆ ಫೋನು ಮಾಡಿ ಕರೆಸಿದೆ. ಅವಳು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಹಾಗೆಯೇ, ಆ ಎಲ್ಲ ಜನರ ಎದುರು, ಬಾಯಿಗೆ ಬಂದ ಹಾಗೆ ಬೈದೆ.

“ಕಣ್ಣು ಎಲ್ಲಿಟ್ಟಿದ್ದೆ? ಇಷ್ಟು ಸಣ್ಣ ಮನೆಗೆ ಸಾವಿರ ಚದರಡಿ ಬರೆಯುವಾಗ ಕೈ ನಡುಗಲಿಲ್ವಾ? ನಿನ್ನನ್ನು ನಂಬಿ ನಾನು ಕೆಟ್ಟೆ.”

ಅವಳು ಒಂದೇ ಮಾತು ಹೇಳಿದಳು, “ನಾನು ಸರಿಯಾಗಿಯೇ ಅಳೆದದ್ದು ಮೇಡಂ.” ಚೀಲದಿಂದ ಟೇಪು ತೆಗೆದು ಮೇಜಿನ ಮೇಲಿಟ್ಟು ಹೋದಳು. ಸದಸ್ಯರು ನನ್ನ ಕಡೆ ನೋಡಿ ತಲೆಯಾಡಿಸಿದರು, ಶಾಬಾಸ್ ಎನ್ನುವ ಹಾಗೆ. ಆ ತಲೆಯಾಡಿಸಿದ್ದು ನನಗೆ ಸರಿ ಕಾಣಲಿಲ್ಲ. ಆದರೆ ಆಗ ಅದರ ಬಗ್ಗೆ ಯೋಚಿಸುವಷ್ಟು ತಾಳ್ಮೆ ಇರಲಿಲ್ಲ.

ಮಧ್ಯಾಹ್ನ ನಮ್ಮ ಬಿಲ್ ಕಲೆಕ್ಟರನ್ನು ಕರೆದುಕೊಂಡು ಬೀಡಿ ಕಟ್ಟುವವಳ ಮನೆಗೆ ಹೊರಟೆ. ಪೆರಾಬೆ ಊರಿನವರು, ನಿವೃತ್ತಿಗೆ ಹತ್ತಿರ ಬಂದವರು. ಊರಿನ ಒಂದೊಂದು ಮನೆಯ ನಾಯಿಯೂ ಅವರಿಗೆ ಗುರುತು. ಸ್ಕೂಟರ್ ಕೆಳಗೆ ನಿಲ್ಲಿಸಿ ಅರ್ಧ ಗಂಟೆ ಹತ್ತಬೇಕಾಯಿತು. ಮೇಲೆ ಕೆಂಪುಕಲ್ಲಿನ ಪುಟ್ಟ ಮನೆ, ಅದರ ಮೇಲೆ ತಗಡಿನ ಶೀಟಿನ ದೊಡ್ಡ ಮಾಡು. ಶೀಟು ನಾಲ್ಕೂ ಕಡೆ ಗೋಡೆಯಿಂದ ಆರಾರು ಅಡಿ ಹೊರಗೆ ಚಾಚಿತ್ತು. ಅದರ ಅಡಿಯಲ್ಲಿ ಸೌದೆ, ಒಣಗಲು ಹಾಕಿದ ಬಟ್ಟೆ, ಒಂದು ಹೊಲಿಗೆ ಮೆಷಿನು. ಗೋಡೆಯಿಂದ ಗೋಡೆಗೆ ಅಳೆದೆವು: ಹದಿನೆಂಟು, ಇಪ್ಪತ್ತೆರಡು. ನಾನೂರು ಚದರಡಿಯೂ ಇಲ್ಲ.

ಅಳತೆಯವಳು ತುಂಬಿದ ನಮೂನೆಯಲ್ಲಿ ಮೂವತ್ತು, ಮೂವತ್ತನಾಲ್ಕು ಎಂದಿತ್ತು. ಬಿಲ್ ಕಲೆಕ್ಟರು ಆ ಕಾಗದವನ್ನು ನೋಡಿದರು, ಮಾಡನ್ನು ನೋಡಿದರು, ಶೀಟಿನ ಅಂಚಿನ ಕೆಳಗೆ ಮಣ್ಣಿನಲ್ಲಿ ಕಳೆದ ವರ್ಷದ ಮಳೆ ಕೊರೆದ ಗೆರೆಯ ಮೇಲೆ ಹೋಗಿ ನಿಂತರು.

“ಇಲ್ಲಿಂದ ಹಿಡಿಯಿರಿ ಮೇಡಂ.”

ಹಿಡಿದೆ. ಮೂವತ್ತು. ಆ ಬದಿ, ಮೂವತ್ತನಾಲ್ಕು. ಒಂದು ಇಂಚು ಆಚೆ ಈಚೆ ಇಲ್ಲ.

“ಅವಳು ತಪ್ಪು ಅಳೆದದ್ದಲ್ಲ,” ಎಂದರು ಬಿಲ್ ಕಲೆಕ್ಟರು. “ನಮ್ಮಲ್ಲಿ ಮನೆ ಅಂದ್ರೆ ಮಾಡಿನ ನೀರು ಬೀಳುವಲ್ಲಿವರೆಗೆ. ಅಣ್ಣ ತಮ್ಮ ಪಾಲು ಮಾಡುವಾಗ್ಲೂ ಹಾಗೆಯೇ, ನೀರು ಬಿದ್ದಲ್ಲಿ ಗುರ್ತ ಹಾಕುದು. ಗೋಡೆಗೆ ಟೇಪು ಇಡುದು ಅಂದ್ರೆ ಇಲ್ಲಿ ಯಾರಿಗೂ ತಲೆಗೆ ಹೋಗ್ಲಿಕ್ಕಿಲ್ಲ. ಗೋಡೆಗೆ ಇಡಿ ಅಂತ ನೀವು ಹೇಳಿದ್ರಾ?”

ನಾನು ಹೇಳಿರಲಿಲ್ಲ. ಅದು ಹೇಳಬೇಕಾದ ವಿಷಯ ಎಂದೇ ನನಗೆ ಹೊಳೆದಿರಲಿಲ್ಲ. ನಾನು ಪುತ್ತೂರಿನ ದರ್ಬೆಯಲ್ಲಿ ಬೆಳೆದವಳು. ನಮ್ಮ ಬೀದಿಯಲ್ಲಿ ಗೋಡೆ ಮುಗಿದಲ್ಲಿ ಮನೆ ಮುಗಿಯುತ್ತದೆ, ಆಚೆ ಎರಡಡಿ ಬಿಟ್ಟರೆ ಪಕ್ಕದವರ ಕಾಂಪೌಂಡು. ಇಡೀ ಬೆಳಿಗ್ಗೆ ಟೇಪು ಹಿಡಿಯುವುದನ್ನು ಕಲಿಸಿದವಳು, ಅದರ ತುದಿಯನ್ನು ಎಲ್ಲಿಡಬೇಕು ಎಂಬುದನ್ನೇ ಬಿಟ್ಟಿದ್ದೆ. ಬೀಡಿ ಕಟ್ಟುವವಳು ನೀರು ಬೆಲ್ಲ ತಂದಿಟ್ಟಳು, ಕುಡಿಯಲು ಆಗಲಿಲ್ಲ.

ಕಚೇರಿಗೆ ಬಂದು ಎಲ್ಲ ನಮೂನೆಗಳನ್ನು ನೆಲದ ಮೇಲೆ ಹರಡಿದೆ. ಫೋಟೊ ನೋಡಿ ಬೇರೆ ಬೇರೆ ಮಾಡಿದೆ, ಮಾಡು ಹೊರಗೆ ಚಾಚಿದ ಮನೆಗಳು ಒಂದು ಕಡೆ, ಚಾಚದವು ಒಂದು ಕಡೆ. ತಪ್ಪು ಒಂದೇ ಥರ ಇತ್ತು, ಮಸೀದಿ ಬದಿಯ ಮನೆಗೂ ದೈವಸ್ಥಾನದ ಬದಿಯ ಮನೆಗೂ ಒಂದೇ ಥರ. ಅವಳ ಪೈಕಿಯವರಿಗೆ ಕಡಿಮೆ ಎಂಬ ಮಾತು ಶುದ್ಧ ಸುಳ್ಳು. ರಾಶಿಯ ಮಧ್ಯದಲ್ಲಿ ಅಳತೆಯವಳ ಸ್ವಂತ ಮನೆಯ ನಮೂನೆಯೂ ಸಿಕ್ಕಿತು. ಅವಳದ್ದೇ ಅಕ್ಷರ. ರಿಕ್ಷಾ ನಿಲ್ಲಿಸಲು ಎಳೆದ ಮಾಡನ್ನೂ ಬಿಡದೆ, ನೀರು ಬೀಳುವಲ್ಲಿಯವರೆಗೆ ಅಳೆದು ಬರೆದಿದ್ದಳು. ಹಳೆಯದಕ್ಕಿಂತ ಮೂರು ಪಟ್ಟು ತೆರಿಗೆಯನ್ನು ತನಗೆ ತಾನೇ ಹಾಕಿಕೊಂಡಿದ್ದಳು, ನಾನು ಅದೇ ದಿನ ಬೆಳಿಗ್ಗೆ ಅವಳಿಗೆ ಕಣ್ಣು ಎಲ್ಲಿಟ್ಟಿದ್ದೆ ಎಂದು ಕೇಳಿದ್ದೆ. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸಿತು.

ಮಾರನೆಯ ದಿನ ತಾಲೂಕಿನ ಮೇಲಧಿಕಾರಿಯ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಕೆಟ್ಟವರಲ್ಲ, ಕೆಲಸ ತಿಳಿದವರು. ಒಂದು ದಾರಿ ಹೇಳಿದರು. “ಅಳತೆ ತಂಡದ ನಿರ್ಲಕ್ಷ್ಯದಿಂದ ಆದ ತಪ್ಪು ಅಂತ ವರದಿ ಕೊಡಿ. ಆ ತಂಡವನ್ನು ತೆಗೆದುಹಾಕಿ. ಹೊಸ ತಂಡದಿಂದ ಮತ್ತೆ ಅಳೆಸಿ. ಪಟ್ಟಿಯೂ ಉಳೀತದೆ, ನೀವೂ ಉಳೀತೀರಿ.”

“ತಪ್ಪು ನನ್ನದು ಸರ್.”

“ಅದನ್ನು ಕಾಗದದಲ್ಲಿ ಬರೆದ್ರೆ ನಿಮಗೆ ನೋಟಿಸು ಬರ್ತದೆ, ನಾನು ತಡೀಲಿಕ್ಕೆ ಆಗುದಿಲ್ಲ. ಅದಲ್ಲದೆ ಆ ಸದಸ್ಯರಿಗೆ ನೀವೇ ಕೋಲು ಕೊಟ್ಟ ಹಾಗೆ. ಪಿಡಿಒಗೇ ಅಳೀಲಿಕ್ಕೆ ಗೊತ್ತಿಲ್ಲ, ಹಳೆ ಪಟ್ಟಿಯೇ ಇರಲಿ ಅಂತ ನಿರ್ಣಯ ಮಾಡಿಸ್ತಾರೆ. ಮತ್ತೆ ಹತ್ತು ವರ್ಷ ಯಾರೂ ಇದಕ್ಕೆ ಕೈ ಹಾಕ್ಲಿಕ್ಕಿಲ್ಲ.”

ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ, ಅದೇ ನನ್ನನ್ನು ಹಿಂಡಿತು. ವರದಿಯಲ್ಲಿ ಒಂದು ಸಾಲು ಸಾಕು. ಊರಿಗೆ ನ್ಯಾಯದ ತೆರಿಗೆ ಬರುತ್ತದೆ, ನನಗೆ ಏನೂ ಆಗುವುದಿಲ್ಲ. ಅವಳೊಬ್ಬಳು ಮಾತ್ರ ಸುಳ್ಳು ಬರೆದವಳಾಗಿ ಅದೇ ಊರಲ್ಲಿ, ಅದೇ ಜನರ ಅಂಗಳ ದಾಟಿ ಬದುಕಬೇಕು. ಎರಡು ದಿನ ನಾನು ಆ ಸಾಲನ್ನು ಬರೆಯುವುದು, ಅಳಿಸುವುದು ಮಾಡಿದೆ. ಬರೆಯಲೇ ಇಲ್ಲ ಎಂದು ಈಗ ಹೇಳಿದರೆ ಅದು ಸುಳ್ಳಾಗುತ್ತದೆ.

ಮೂರನೆಯ ದಿನ ಅವಳ ಮನೆಗೆ ಹೋದೆ. ಅಂಗಳದಲ್ಲಿ ಅವಳ ಅತ್ತೆ ಮೆಣಸು ಒಣಗಿಸುತ್ತಿದ್ದರು. ನನ್ನನ್ನು ಕಂಡು ಎದ್ದು ಒಳಗೆ ಹೋದರು. ಅಳತೆಯವಳು ಕುರ್ಚಿ ಹಾಕಿದಳು, ಕೂತುಕೊಳ್ಳಿ ಎನ್ನಲಿಲ್ಲ.

“ತಪ್ಪು ನನ್ನದು. ಗೊತ್ತಾಯಿತು,” ಎಂದೆ. “ಮತ್ತೆ ಅಳೆಯಬೇಕು. ನೀನೇ ಬರಬೇಕು.”

“ನಾನು ಬರುದಿಲ್ಲ ಮೇಡಂ.”

“ಯಾಕೆ?”

“ನಿನ್ನೆ ಸೊಸೈಟಿಯಲ್ಲಿ ಅಕ್ಕಿಗೆ ನಿಂತಿದ್ದೆ. ಹಿಂದೆ ಇದ್ದವಳು ಕೇಳಿದ್ಳು, ಎಷ್ಟು ತಿಂದೆ ಅಂತ. ನನ್ನ ಮಗಳು ಪಕ್ಕದಲ್ಲೇ ಇದ್ದಳು. ನಾನು ಒಂದು ಚಾ ಕೂಡ ಯಾರದ್ದೂ ಕುಡಿಯದೆ ಅಳೆದದ್ದು. ಇನ್ನು ಯಾವ ಮುಖ ಇಟ್ಟುಕೊಂಡು ಅವರ ಅಂಗಳಕ್ಕೆ ಹೋಗುದು?”

ಹೊರಡುವಾಗ ಕೇಳಿದೆ, “ಗ್ರಾಮಸಭೆಗಾದರೂ ಬರ್ತೀಯಾ?” ಅವಳು “ನೋಡುವ” ಎಂದಳು. ಅಲ್ಲಿಂದ ನೇರ ಕಚೇರಿಗೆ ಬಂದು ವರದಿ ಮುಗಿಸಿದೆ. ತಪ್ಪಿಗೆ ಕಾರಣ ಎಂಬ ಕಲಮಿನಲ್ಲಿ ‘ತರಬೇತಿ ನೀಡಿದ ನಾನು ಅಳತೆಯ ಗಡಿಯನ್ನು ತಿಳಿಸಿರಲಿಲ್ಲ’ ಎಂದು ಬರೆದು ಸಹಿ ಹಾಕಿ ತಾಲೂಕಿಗೆ ಕಳಿಸಿದೆ.

ಗ್ರಾಮಸಭೆಯ ದಿನ ಸಭಾಭವನದಲ್ಲಿ ಕುರ್ಚಿ ಸಾಲಲಿಲ್ಲ. ಕಿಟಕಿಯ ಹೊರಗೂ ಜನ. ಸದಸ್ಯರು ಮುಂದಿನ ಸಾಲಿನಲ್ಲಿ, ಕೈಯಲ್ಲಿ ಮೊದಲೇ ಟೈಪು ಮಾಡಿಸಿ ತಂದ ನಿರ್ಣಯ: ಹೊಸ ಪಟ್ಟಿ ರದ್ದು, ಹಳೆಯದೇ ಮುಂದುವರಿಕೆ. ಅಳತೆಯವಳು ಬಂದಿದ್ದಾಳೋ ಎಂದು ಕಣ್ಣಾಡಿಸಿದೆ. ಕಾಣಲಿಲ್ಲ.

ನಾನು ಎದ್ದು ಮೈಕು ಹಿಡಿದೆ. ಮಾಡು ಹೊರಗೆ ಚಾಚಿದ ಮನೆಗಳ ಅಳತೆ ಹೆಚ್ಚಾಗಿದೆ, ಗೋಡೆಯವರೆಗೆ ಅಳೆಯಬೇಕಿತ್ತು, ಅದನ್ನು ನಾನು ಕಲಿಸಲಿಲ್ಲ, ತಪ್ಪು ನನ್ನದು, ಅಳೆದವರದ್ದಲ್ಲ ಎಂದೆ. ಅವಳ ಸ್ವಂತ ಮನೆಯ ನಮೂನೆಯನ್ನು ಎತ್ತಿ ಹಿಡಿದು ಓದಿದೆ. ಆ ಮನೆಗಳನ್ನೆಲ್ಲ ಹದಿನೈದು ದಿನದಲ್ಲಿ ಮತ್ತೆ ಅಳೆಯುತ್ತೇವೆ, ಅಲ್ಲಿಯವರೆಗೆ ಯಾರೂ ಹೊಸ ತೆರಿಗೆ ಕಟ್ಟಬೇಡಿ ಎಂದೆ. ಗದ್ದಲ ಎದ್ದಿತು. ಯಾರೋ ಹಿಂದಿನಿಂದ, “ಸಂಬಳ ಯಾಕೆ ಕೊಡುದು ನಿಮಗೆ?” ಎಂದು ಕೂಗಿದರು.

ಸದಸ್ಯರು ನಿಧಾನಕ್ಕೆ ಎದ್ದರು. “ಕೇಳಿದ್ರಲ್ಲ, ಮೇಡಂ ಬಾಯಿಂದಲೇ ಬಂತು. ಇಡೀ ಪಟ್ಟಿಯೇ ತಪ್ಪು. ತಪ್ಪು ಪಟ್ಟಿ ನಮಗೆ ಎಂತಕ್ಕೆ? ಹಳೆದು ಇರಲಿ. ಒಪ್ಪಿಗೆ ಇದ್ದವರು ಕೈ ಎತ್ತಿ.”

ಕೈಗಳು ಏಳತೊಡಗಿದವು. ಬೀಡಿ ಕಟ್ಟುವವಳ ಕೈಯೂ ಎದ್ದಿತು. ಮುಗಿಯಿತು ಎಂದುಕೊಂಡೆ.

“ಇಡೀ ಪಟ್ಟಿ ತಪ್ಪಲ್ಲ.”

ಸ್ವರ ಕಿಟಕಿಯ ಹೊರಗಿನಿಂದ ಬಂತು. ಅಳತೆಯವಳು ಅಲ್ಲಿ ಹೆಂಗಸರ ಗುಂಪಿನ ನಡುವೆ ನಿಂತಿದ್ದಳು. ಒಳಗೆ ಬರಲು ಜನ ದಾರಿ ಬಿಡಲಿಲ್ಲ, ಅವಳು ಕಿಟಕಿಯ ಸರಳು ಹಿಡಿದು ಅಲ್ಲಿಂದಲೇ ಮಾತಾಡಿದಳು.

“ಮಾಡು ಇದ್ದವರದ್ದು ಮಾತ್ರ ತಪ್ಪು. ಸದಸ್ಯರ ಕಟ್ಟಡಕ್ಕೆ ಮಾಡೇ ಇಲ್ಲ. ಮೇಲೆ ಸ್ಲ್ಯಾಬು, ಗೋಡೆಗೇ ಮುಗೀತದೆ. ಮುಂದೆ ಎಪ್ಪತ್ತೆರಡು ಅಡಿ, ಬದಿ ನಲ್ವತ್ತು. ಎರಡು ಮಾಳಿಗೆ. ಗೋಡೆಯಿಂದ ಅಳೆದ್ರೂ ಅಷ್ಟೇ, ನೀರು ಬೀಳುವಲ್ಲಿಂದ ಅಳೆದ್ರೂ ಅಷ್ಟೇ. ಬೇಕಾದ್ರೆ ಈಗಲೇ ಬನ್ನಿ, ಅಳೆಯುವ.”

ಸಭೆಯವರು ಸದಸ್ಯರ ಕಡೆ ತಿರುಗಿದರು. ಆಮೇಲೆ ಯಾರೋ ನಕ್ಕರು, ನಗು ಸಾಲಿನಿಂದ ಸಾಲಿಗೆ ಹೋಯಿತು. ಸದಸ್ಯರು, “ಅದು ಪ್ರಶ್ನೆಯಲ್ಲ, ಅದು ಪ್ರಶ್ನೆಯಲ್ಲ,” ಎನ್ನುತ್ತಿದ್ದರು. ಬೀಡಿ ಕಟ್ಟುವವಳು ಎತ್ತಿದ ಕೈಯನ್ನು ಇಳಿಸಿ, ಅವರ ಕಡೆ ತಿರುಗಿ ಕೇಳಿದಳು, “ಹಾಗಾದ್ರೆ ನಿಮ್ಮದು ಸರಿ ಉಂಟು. ನಮ್ಮದು ಸರಿ ಮಾಡ್ತಾರಂತೆ. ಮತ್ತೆ ರದ್ದು ಯಾರಿಗೆ ಬೇಕಾದದ್ದು?” ಟೈಪು ಮಾಡಿಸಿದ ಕಾಗದ ಯಾರ ಸಹಿಯೂ ಇಲ್ಲದೆ ಅವರ ಜೇಬಿಗೇ ಹೋಯಿತು. ಮರು ಅಳತೆಯ ನಿರ್ಣಯವನ್ನು ಬಿಲ್ ಕಲೆಕ್ಟರು ನಡವಳಿ ಪುಸ್ತಕದಲ್ಲಿ ಬರೆದರು.

ಮರು ಅಳತೆಗೆ ಅವಳು ಬಂದಳು. ಹದಿನೈದು ದಿನ ಎಂದದ್ದು ಇಪ್ಪತ್ತೆರಡು ದಿನ ಹಿಡಿಯಿತು. ಈ ಸಲ ನಾನೂ ಗುಡ್ಡ ಹತ್ತಿದೆ. ಟೇಪಿನ ಒಂದು ತುದಿಯನ್ನು ಮನೆಯವರ ಕೈಗೇ ಕೊಡುವುದು ಎಂದು ಮಾಡಿದೆವು, ಗೋಡೆಗೆ ಅವರೇ ಹಿಡಿಯಬೇಕು, ಅಂಕಿಯನ್ನು ಅವರೇ ಓದಬೇಕು. ಕೆಲವು ಮನೆಯವರು ಅವಳೊಡನೆ ಮಾತಾಡಲಿಲ್ಲ, ಕೆಲವರು ಕೂರಿಸಿ ಉಪಚಾರ ಮಾಡಿದರು. ಪಟ್ಟಿ ಅಂತಿಮವಾಯಿತು. ಗುಡ್ಡದ ಮನೆಗಳ ತೆರಿಗೆ ಇಳಿಯಿತು, ಮುಖ್ಯರಸ್ತೆಯದ್ದು ಇಳಿಯಲಿಲ್ಲ. ನನಗೆ ಕಾರಣ ಕೇಳಿ ನೋಟಿಸು ಬಂತು, ಅದರ ಹಿಂದೆಯೇ ವರ್ಗ, ಸುಳ್ಯದಾಚೆ ಕಲ್ಲುಗುಂಡಿಯ ಕಡೆಗೆ.

ಹೊರಡುವ ಹಿಂದಿನ ದಿನ ಅವಳು ಕಚೇರಿಗೆ ಬಂದಿದ್ದಳು. ನಾನು ಪೆಟ್ಟಿಗೆಗೆ ಪುಸ್ತಕ ತುಂಬುತ್ತಿದ್ದೆ. ಎಲ್ಲ ಸರಿಯಾಯಿತಲ್ಲ, ನಿನ್ನ ಹೆಸರೂ ಸರಿಯಾಯಿತು ಎಂದೆ. ಸ್ವಲ್ಪ ಹೆಮ್ಮೆಯಿಂದಲೇ ಎಂದೆ ಅಂತ ಕಾಣುತ್ತದೆ. ಅವಳು ಬಾಗಿಲ ಹತ್ತಿರವೇ ನಿಂತಳು.

“ಒಂದು ಹೇಳ್ಲಾ ಮೇಡಂ, ಬೇಜಾರು ಮಾಡ್ಬೇಡಿ. ನೀವು ತಪ್ಪು ಅಂತ ಹೇಳಿದ್ದು ಗ್ರಾಮಸಭೆಯಲ್ಲಿ. ನನಗೆ ಬೈದದ್ದು ಇಲ್ಲಿ. ಆ ದಿನ ಇಲ್ಲಿ ಇದ್ದವರು ಎಲ್ಲರೂ ಸಭೆಗೆ ಬರ್ಲಿಲ್ಲ. ಅವರಿಗೆ ಇನ್ನೂ ನಾನು ಅದೇ.”

ಹೇಳಿ, ನನಗೆ ಒಳ್ಳೆಯದಾಗಲಿ ಎಂದು ಹೋದಳು. ನಾನು ಪೆಟ್ಟಿಗೆ ಬಿಟ್ಟು ಕುರ್ಚಿಯಲ್ಲಿ ಕೂತೆ. ಅವಳಿಗೆ ಬೈದ ಆ ಬೆಳಿಗ್ಗೆ ಬಾಗಿಲಲ್ಲಿ, ಬೆಂಚಿನ ಮೇಲೆ, ಮೇಜಿನ ಹತ್ತಿರ ಯಾರ್ಯಾರು ಇದ್ದರು ಎಂದು ಒಂದೊಂದೇ ಮುಖ ನೆನಪು ಮಾಡಿಕೊಂಡು ಬರೆದೆ. ಹನ್ನೊಂದು ಮಂದಿ. ಬಿಲ್ ಕಲೆಕ್ಟರನ್ನು ಕರೆದು ಪಟ್ಟಿ ತೋರಿಸಿದೆ. ಇವರಲ್ಲಿ ಆರು ಮಂದಿ ಸಭೆಗೆ ಬಂದಿರಲಿಲ್ಲ ಎಂದರು. ಆರೂ ಮನೆಯ ದಾರಿ ಕೇಳಿಕೊಂಡು, ಸ್ಕೂಟರ್ ತೆಗೆದೆ. ಸಂಜೆಯವರೆಗೆ ನಾಲ್ಕು ಮನೆ ಆಯಿತು. ಉಳಿದ ಎರಡು ಮನೆಗೆ ಮರುದಿನ, ಕಲ್ಲುಗುಂಡಿಗೆ ಹೋಗುವ ಮೊದಲು ಹೋದೆ.